ಸ್ಪ್ರಿಂಕ್ಲರಿಗೆ ಉಣ್ಣೆಯ ಟೊಪ್ಪಿಗೆ

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಹೊಸ ಫ್ಲ್ಯಾಟಿನ ಛಾವಣಿಯಲ್ಲಿ, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳಿವೆ. ಚಳಿಗಾಲದ ಒಂದು ಬೆಳಿಗ್ಗೆ ನೋಡಿದರೆ, ನನ್ನ ಮಗಳ ತೊಟ್ಟಿಲಿನ ಮೇಲಿನ ಸ್ಪ್ರಿಂಕ್ಲರಿಗೆ ಉಣ್ಣೆಯ ಟೊಪ್ಪಿಗೆ! ರೈಲ್ವೆಯಿಂದ ನಿವೃತ್ತರಾಗಿದ್ದ ಅಪ್ಪ ಸ್ಟೂಲಿನಿಂದ ಇಳಿಯುತ್ತಿದ್ದರು.

“ಏನ್ರಿ ಇದು, ಅದಕ್ಕೂ ಥಂಡಿ ಆಗ್ತದೇನು?” ಎಂದು ಅಮ್ಮ ನಕ್ಕಳು.

“ನೀರು ಗಡ್ಡೆಕಟ್ಟಿ ಬರ್ಫ್ ಆಗಿ ಪೈಪ್ ಒಡದ್ರ? ನಾ ಉತ್ತರದ ಕಡೆ ಡ್ಯೂಟಿಮ್ಯಾಲೆ ಇದ್ದಾಗ ಒಡದಿತ್ತಲ್ಲ, ಇವನ ತೊಟ್ಲ ಪೂರಾ ತೊಯ್ದಿತ್ತು,” ಎಂದು ಅಪ್ಪ ನನ್ನತ್ತ ಕೈ ತೋರಿಸಿದರು.

ಆ ದಿನವಿಡೀ ಅಪ್ಪ ನನ್ನನ್ನು ತಮ್ಮ ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಓಡಾಡಿದ್ದರಂತೆ. ಈಗ ಅಮ್ಮ ಹೇಳಿದಾಗಲೇ ನನಗದು ಗೊತ್ತಾದದ್ದು.

“ಅಪ್ಪಾ, ನಮ್ಮ ಹೈದರಾಬಾದಿನಾಗ ನೀರು ಬರ್ಫ್ ಆಗಂಗಿಲ್ಲ. ಟೊಪಗಿ ಇದ್ರ ಅದಕ್ಕ ಬೆಂಕಿ ಕಾವು ತಟ್ಟಂಗಿಲ್ಲ, ನೀರೂ ಬಿಡಂಗಿಲ್ಲ,” ಎಂದೆ.

ಅಪ್ಪ ಗಾಬರಿಯಾಗಿ ಮತ್ತೆ ಸ್ಟೂಲು ಹತ್ತಿ ಟೊಪ್ಪಿಗೆ ತೆಗೆದರು. ಕೆಳಗಿಳಿದು ಸ್ವಲ್ಪ ಹೊತ್ತು ಮೇಲೆಯೇ ನೋಡುತ್ತ ನಿಂತು, “ಆದ್ರೂ ತೊಟ್ಲ ಸ್ವಲ್ಪ ಈ ಕಡೆ ಸರಸೂಣಪಾ,” ಎಂದರು.

ಮಗುವಿಗೆ ಎಚ್ಚರವಾಗದಂತೆ ಇಬ್ಬರೂ ಸೇರಿ ತೊಟ್ಟಿಲನ್ನು ಮೆಲ್ಲಗೆ ಸರಿಸಿದೆವು.