ದೊಡ್ಡಮ್ಮ ಓದಿದ ಮದುವೆ

ಟಿವಿಯಲ್ಲಿ ಸಿನಿಮಾ ಮುಗಿಯುವಾಗ ನಾಯಕಿ ಒಬ್ಬಳೇ ಬಸ್ಸು ಹತ್ತಿ ಹೋದಳು. ನನಗೆ ಸಿಟ್ಟು ಬಂತು. ಹಿಂದೆ ಸಿಂಗಟಗೆರೆಯಲ್ಲಿ ನಾವು ಹೆಂಗಸರು ಕೊಬ್ಬರಿಯ ಚಿಪ್ಪು ಬಿಡಿಸುವಾಗ ದೊಡ್ಡಮ್ಮ ಈ ಸಿನಿಮಾದ ಮೂಲ ಕಾದಂಬರಿಯನ್ನು ಗಟ್ಟಿಯಾಗಿ ಓದಿದ್ದರು. ಅದರಲ್ಲಿ ಕೊನೆಗೆ ನಾಯಕ ನಾಯಕಿಗೆ ಮದುವೆಯಾಗುತ್ತದೆ.

"ಸಿನಿಮಾದವ್ರು ಕಥೆ ಕೆಡಿಸಿದ್ದಾರೆ" ಎಂದು ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಹೇಳಿದೆ.

"ಅವ್ರು ಕೆಡಿಸಿಲ್ಲ ಕಣೇ, ಪುಸ್ತಕದಲ್ಲೂ ಹಿಂಗೇ ಐತೆ. ಆಗ ನಿನ್ನ ಮದ್ವೆ ಮಾತು ಮುರಿದು ವಾರ ಆಗಿತ್ತು. ನಿನ್ನ ಮುಂದೆ ಅದನ್ನ ಓದಕ್ಕೆ ಬಾಯಿ ಬರ್ಲಿಲ್ಲ" ಎಂದರು.

ಕಡೂರಿನ ಲೈಬ್ರರಿಯಿಂದ ಪುಸ್ತಕ ತಂದು ನೋಡಿದೆ. ಅದರಲ್ಲಿ ಮದುವೆಯೇ ಇಲ್ಲ. ಆ ದಿನಗಳಲ್ಲಿ ಮದುವೆಯ ಪುಟವನ್ನು ನಾನು ದೊಡ್ಡಮ್ಮನಿಂದ ಮೂರು ಸಲ ಓದಿಸಿಕೊಂಡಿದ್ದೆ. ಮೂರು ಸಲವೂ, ಮದುವೆ ಊಟದ ಕಾಯಿ ಹೋಳಿಗೆಯೂ ಸೇರಿ, ಒಂದಕ್ಷರ ಬದಲಾಗಿರಲಿಲ್ಲ.