ಸವಳು ಬಾವಿಯ ನೀರು

ಮೊನ್ನೆ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಬಾಟಲಿಗಳ ಮೇಲೆ ಊರಿನ ಹೆಸರು ಬರೆಯಲು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಳು. ಸ್ಪಿರಿಟ್ಟಿನ ಆ ಖಾರ ವಾಸನೆ ಮೂಗಿಗೆ ತಾಗಿದ್ದೇ ನನ್ನ ಮಾತು ಅರ್ಧಕ್ಕೇ ನಿಂತಿತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಮೇಡಂ ಅವರ ಬೆರಳುಗಳಿಗೆ, ಸೀರೆಯ ಸೆರಗಿಗೆ, ಕಡೆಗೆ ಅವರ ಊಟದ ಡಬ್ಬಿಗೂ ಇದೇ ವಾಸನೆ ಇರುತ್ತಿತ್ತು...

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಕಾಗವಾಡದ ಕಡೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸಲು ಸೇರಿದ್ದೆ. ಸಂಶೋಧನೆ ಎನ್ನುವುದು ವಿಶ್ವವಿದ್ಯಾಲಯದವರ ಕೆಲಸ ಎಂದೇ ನಾವು ತಿಳಿದಿದ್ದೆವು. ಬಡ್ತಿಯ ಕಾಲ ಹತ್ತಿರ ಬಂದಾಗ ಪುನಶ್ಚೇತನ ಶಿಬಿರಕ್ಕೆ ಹೋಗುವುದು, ಹಾಜರಿ ಹಾಕುವುದು, ಪ್ರಮಾಣಪತ್ರ ತಂದು ಕಚೇರಿಗೆ ಕೊಡುವುದು, ಅಲ್ಲಿಗೆ ಮುಗಿಯಿತು. ಮೇಡಂ ಮಾತ್ರ ಅಂಥ ಒಂದು ಶಿಬಿರದಿಂದ ಒಂದು ಪ್ರಶ್ನೆಯನ್ನು ತಂದಿದ್ದರು. ಆಗ ಅವರಿಗೆ ಐವತ್ತೈದು ದಾಟಿತ್ತು.

ಕೃಷ್ಣೆಯ ದಂಡೆಯ ನಮ್ಮ ಊರುಗಳಲ್ಲಿ ಕಬ್ಬಿಗೆ ವರ್ಷಾನುಗಟ್ಟಲೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಹೊಲಗಳು ಸವಳಾಗಿದ್ದವು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಉಪ್ಪು ಏಳುತ್ತಿತ್ತು. ಬಾವಿಯ ನೀರೂ ಉಪ್ಪಾಗಿತ್ತು. ಕೆಲವು ರೈತರು ಉಪ್ಪು ತೊಳೆದುಹೋಗಲೆಂದು ಹೊಲದಲ್ಲಿ ಬಸಿಗಾಲುವೆ ತೋಡಿಸಿದ್ದರು. ಹಾಗೆ ತೋಡಿದ ಮೇಲೆ ಬಾವಿಯ ನೀರಿನ ಉಪ್ಪೂ ಇಳಿಯುತ್ತದೆಯೇ? ಮೇಡಂ ತಂದಿದ್ದ ಪ್ರಶ್ನೆ ಇದು. ಉತ್ತರ ಹುಡುಕಲು ನಮ್ಮಲ್ಲಿದ್ದದ್ದು ಒಂದು ಹಳೆಯ ಮೀಟರ್. ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಅದರ ಅಂಕಿ ಏರುತ್ತಿತ್ತು.

ಮೊದಲ ವರ್ಷ ನಾವೇ ಬಾವಿಗಳಿಗೆ ಹೋಗಿ ನೀರು ಸೇದಿ ತಂದೆವು. ಎರಡನೆಯ ವರ್ಷ ತರಗತಿಗಳು ಹೆಚ್ಚಿದವು. ತಿರುಗಾಡಲು ಗಾಡಿಯೂ ಇರಲಿಲ್ಲ. ಮೇಡಂ ಬಾಟಲಿಗಳ ಮೇಲೆ ಹೆಸರು ಬರೆದು ಮನೆಮನೆಗೆ ಕೊಟ್ಟು ಬಂದರು. ನಮ್ಮ ಲ್ಯಾಬಿನ ಅಟೆಂಡರ್ ಸೈಕಲ್ಲಿನ ಮೇಲೆ ಹೋಗಿ ತುಂಬಿದ ಬಾಟಲಿಗಳನ್ನು ತರುತ್ತಿದ್ದ. "ಈ ಬಾಟ್ಲಿ ಹೊತ್ತ ಹೊತ್ತ ನನಗ ಊರಾಗ ಸೋಡಾ ಮಾರಾಂವ ಅನ್ನಾಕತ್ತಾರ್ರಿ ಮೇಡಂ" ಎಂದು ಗೊಣಗುತ್ತಿದ್ದ. "ಅನ್ನಲಿ ಬಿಡಪಾ, ಬ್ಯಾಸಗ್ಯಾಗ ಚಲೋ ಧಂದೆ ಅದು" ಎನ್ನುತ್ತಿದ್ದರು ಮೇಡಂ.

ಆ ವರ್ಷ ಅಂಕಿಗಳು ಇಳಿದವು. ಬಹಳಷ್ಟು ಬಾವಿಗಳಲ್ಲಿ ಉಪ್ಪು ಇಳಿದಿತ್ತು. ಮೇಡಂ ಅದನ್ನು ಒಂದು ವಿಚಾರ ಸಂಕಿರಣದಲ್ಲಿ ಮಂಡಿಸಿದರು. ಗಡಿಯಾಚೆಯ ಮರಾಠಿ ನಾಡಿನ ಒಂದು ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನದ ಪ್ರಾಧ್ಯಾಪಕರು ಅದನ್ನು ನೋಡಿ, ನಿಮ್ಮ ಕಾಲೇಜಿನೊಂದಿಗೆ ಜಂಟಿ ಸಂಶೋಧನೆ ಮಾಡೋಣ ಎಂದರು. ಅದಾದರೆ ನಮಗೆ ಉಪಕರಣಗಳು ಬರುತ್ತಿದ್ದವು. ನಮ್ಮ ಅಧ್ಯಾಪಕರು ಅಲ್ಲಿಗೆ ಹೋಗಿ ತರಬೇತಿ ಪಡೆಯಬಹುದಿತ್ತು. ನಿವೃತ್ತಿಗೆ ಮುಂಚೆ ನಮ್ಮ ಕಾಲೇಜಿನಲ್ಲಿ ಸಂಶೋಧನೆಯ ಬೇರು ಊರಿ ಹೋಗಬೇಕು ಎಂಬುದು ಮೇಡಂ ಅವರ ಒಂದೇ ಆಸೆಯಾಗಿತ್ತು. ಇದು ತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟು ಸೇವಾವಧಿ ಅವರಿಗೆ ಉಳಿದಿರಲಿಲ್ಲ.

ಒಡಂಬಡಿಕೆಗೆ ಸಹಿ ಹಾಕಲು ಆ ವಿಶ್ವವಿದ್ಯಾಲಯದ ತಂಡ ಬರುವ ವಾರ, ರೈತರನ್ನು ಸಭೆಗೆ ಕರೆಯಲು ನಾವಿಬ್ಬರೂ ಬಾಟಲಿ ಕೊಟ್ಟಿದ್ದ ಊರುಗಳಲ್ಲಿ ಒಂದಾದ ಉಗಾರ ಬುದ್ರುಕಕ್ಕೆ ಹೋದೆವು. ಬಿಸಿಲು ಜೋರಿತ್ತು. ಒಂದು ಮನೆಯ ಪಡಸಾಲೆಯಲ್ಲಿ ಕೂತಾಗ ಆ ಮನೆಯ ಹೆಣ್ಣುಮಗಳು ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

"ಕುಡೀರಿ ಅಕ್ಕಾರ, ತಂಪ ಅದಾವ. ಹೊಳಿ ನೀರ, ನಳದ್ದು. ನಿಮ್ಮ ಬಾಟ್ಲಿಗೂ ಇದನ್ನ ತುಂಬಿ ಕಳಸ್ತೀನ್ರಿ ಪ್ರತಿ ಸರ್ತಿ."

ಮೇಡಂ ತಂಬಿಗೆಯನ್ನು ಬಾಯಿಯ ಹತ್ತಿರ ಒಯ್ದವರು ಹಾಗೇ ಹಿಡಿದುಕೊಂಡರು. "ಬಾವಿ ನೀರ ಅಲ್ಲೇನವಾ ಬಾಟ್ಲ್ಯಾಗ?" ಎಂದು ಮೆಲ್ಲಗೆ ಕೇಳಿದರು.

ಆಕೆ ನಕ್ಕಳು. "ಅಯ್ಯ, ಆ ಸವಳ ನೀರ ನಿಮಗ ಹ್ಯಾಂಗ ಕೊಡೂದರಿ? ನಮ್ಮ ಎಮ್ಮಿನೂ ಮಾರಿ ತಿರುವತೈತಿ. ಕಾಲೇಜಿನಾಗ ನಾಕ ಮಂದಿ ನೋಡ್ತಾರ, ಎಂಥಾ ಮನಿಯವರವಾ ಇವರು ಅಂದಾರು."

ನಾನು ಮೇಡಂ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ತಂಬಿಗೆ ಎತ್ತಿ ನೀರನ್ನು ಪೂರ್ತಿ ಕುಡಿದರು, ನಿಧಾನವಾಗಿ, ಒಂದು ಹನಿ ಬಿಡದೆ. "ಭಾಳ ಚಲೋ ಅದಾವವಾ ನೀರ" ಎಂದರು. ಆ ಹೆಣ್ಣುಮಗಳಿಗೆ ತಾನು ಏನಾದರೂ ತಪ್ಪು ಮಾಡಿದೆನೇನೋ ಎಂಬ ಸಂಶಯ ಅಂದು ಬರಲಿಲ್ಲ, ಮುಂದೆಂದೂ ಬರದಂತೆ ಮೇಡಂ ನೋಡಿಕೊಂಡರು.

ಹೊರಗೆ ಬಂದೆವು. ಬಸ್ಸಿನ ನಿಲ್ದಾಣದ ಕಟ್ಟೆಯ ಮೇಲೆ ಕೂತಾಗ ಮೇಡಂ ಹೇಳಿದರು: "ಎರಡನೇ ವರ್ಷದ ಅಂಕಿ ಭಾಳಷ್ಟು ಒಂದಕ್ಕೊಂದು ಅಗದೀ ಹತ್ತರ ಬಂದಿದ್ದು, ನೆನಪೈತೇನ ತಂಗಿ? ಬ್ಯಾರೆ ಬ್ಯಾರೆ ಬಾವಿ ಹಂಗ ಬರಬಾರದಾಗಿತ್ತು. ಖುಷಿಯೊಳಗ ನೋಡ್ಲೇ ಇಲ್ಲ ನಾನು."

ಮುಂದಿನ ದಿನಗಳಲ್ಲಿ ಅವರು ಒಂದೊಂದೇ ಮನೆಗೆ ಹೋದರು. ನಾನು ಜೊತೆಗಿದ್ದೆ. ಯಾರನ್ನೂ ಅವರು ನೇರವಾಗಿ ಪ್ರಶ್ನಿಸಲಿಲ್ಲ. ಮಳೆ, ಕಬ್ಬಿನ ತೂಕ, ಮಕ್ಕಳ ಓದು, ಹೀಗೆ ಏನೇನೋ ಮಾತಾಡುತ್ತ ಆಡುತ್ತ ಬಾಟಲಿಯ ಮಾತಿಗೆ ಬರುತ್ತಿದ್ದರು. ಕೆಲವರು ಬಾವಿಯ ನೀರನ್ನೇ ಕೊಟ್ಟಿದ್ದರು. ಬಹಳಷ್ಟು ಮಂದಿ ನಳದ ನೀರು ಕೊಟ್ಟಿದ್ದರು. ಒಬ್ಬ ಮುದುಕರಂತೂ ಎರಡನ್ನೂ ಬೆರೆಸಿದ್ದರಂತೆ. "ಬರೇ ಸವಳ ಇದ್ರ ನಿಮ್ಮ ಮಸೀನ ಕೆಡಬಾರ್ದಲ್ರಿ" ಎಂದರು. ಮೇಡಂ ಜೋರಾಗಿ ನಕ್ಕರು. ಆ ವಾರ ಅವರು ನಕ್ಕದ್ದು ಅದೊಂದೇ ಸಲ ಎಂದು ನನ್ನ ನೆನಪು...

ವಿಷಯ ತಿಳಿದ ಪ್ರಾಚಾರ್ಯರು ನಮ್ಮನ್ನು ಕೋಣೆಗೆ ಕರೆದರು. ಅವರು ಕೆಟ್ಟವರಲ್ಲ, ಕಾಲೇಜು ಬೆಳೆಯಬೇಕೆಂಬ ಹಂಬಲ ಅವರಿಗೂ ಇತ್ತು. "ಮೇಡಂ, ಮದಲ ಸಹಿ ಆಗ್ಲಿ. ಮುಂದಿನ ವರ್ಷ ಸರಿಯಾಗಿ ಅಳದ ತಿದ್ದಕೋರಿ. ಯಾರ ಕೇಳ್ತಾರ?" ಎಂದರು. ಮೇಡಂ ಕುರ್ಚಿಯಿಂದ ಎದ್ದರು. "ಅವರು ಆ ಅಂಕಿ ನಂಬಿ ಬರಾಕತ್ತಾರ್ರಿ ಸರ್" ಎಂದಷ್ಟೇ ಹೇಳಿದರು. ನನಗೂ ಒಳಗೊಳಗೆ ಪ್ರಾಚಾರ್ಯರ ಮಾತೇ ಸರಿ ಎನಿಸಿತ್ತು. ಮೇಡಂ ಇಷ್ಟು ವರ್ಷ ಕಾದದ್ದನ್ನು ತಮ್ಮ ಕೈಯಾರೆ ಬಿಡುತ್ತಾರೆಂದು ನಂಬಲು ನನ್ನಿಂದ ಆಗಲಿಲ್ಲ.

ತಂಡ ಬಂದ ದಿನ ಸಭಾಂಗಣ ತುಂಬಿತ್ತು. ಹಾರ, ಶಾಲು, ತಟ್ಟೆಗಳಲ್ಲಿ ಕಾಗವಾಡದ ದ್ರಾಕ್ಷಿ ಎಲ್ಲವೂ ಸಿದ್ಧವಿದ್ದವು. ರೈತರು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಮೇಡಂ ಪರದೆಯ ಮೇಲೆ ತಮ್ಮ ನಕ್ಷೆಯನ್ನು ತೋರಿಸಿದರು. ಮೊದಲ ವರ್ಷದ ಎತ್ತರದ ಗೆರೆ, ಎರಡನೆಯ ವರ್ಷ ಇಳಿದ ಗೆರೆ. ಕಡ್ಡಿಯ ತುದಿಯನ್ನು ಇಳಿದ ಗೆರೆಯ ಮೇಲಿಟ್ಟು, ಇದು ಬಾವಿಯ ನೀರಲ್ಲ ಎಂದರು. ಇದರಲ್ಲಿ ಬಹುಪಾಲು ಊರಿನ ನಳದ ನೀರು. ಆದ್ದರಿಂದ ಬಸಿಗಾಲುವೆಯಿಂದ ಉಪ್ಪು ಇಳಿದಿದೆ ಎಂದು ನಾನು ಹೇಳಿದ್ದು ಸುಳ್ಳಾಯಿತು ಎಂದರು.

"ಮನಿಯವರು ತಮ್ಮಲ್ಲಿ ಚಲೋ ಇದ್ದದ್ದನ್ನ ಕೊಟ್ಟಾರ" ಎಂದು ಹಿಂದಿನ ಸಾಲಿನವರಿಗೂ ತಿಳಿಯುವಂತೆ ನಮ್ಮ ಮಾತಿನಲ್ಲೇ ಹೇಳಿದರು. "ಬಾಟ್ಲಿ ಯಾತಕ್ಕಂತ ನಾ ಅವರಿಗಿ ತಿಳಿಸಿ ಹೇಳಲಿಲ್ಲ. ತಪ್ಪು ನಂದು."

ಆ ಪ್ರಾಧ್ಯಾಪಕರು ಮರಾಠಿಯಲ್ಲಿ ಕೇಳಿದರು: "ಮಗ ಆತಾ ಕಾಯ, ಮ್ಯಾಡಮ್?" ಹಾಗಾದರೆ ಈಗೇನು ಎಂದು.

"ಪರತ, ಪಹಿಲ್ಯಾಪಾಸೂನ" ಎಂದರು ಮೇಡಂ. ಮತ್ತೆ, ಮೊದಲಿನಿಂದ.

ಅಂದು ಸಹಿ ಆಗಲಿಲ್ಲ. ಅತಿಥಿಗಳು ಊಟ ಮಾಡಿ, ನಮಸ್ಕಾರ ಹೇಳಿ ಹೋದರು. ಕೆಲವು ತಿಂಗಳ ಮೇಲೆ ಆ ಯೋಜನೆ ಬೇರೊಂದು ಕಾಲೇಜಿಗೆ ಹೋಯಿತೆಂದು ತಿಳಿಯಿತು. ಮೇಡಂ ಕೇಳಿ ತಲೆಯಾಡಿಸಿದರು. ಮುಂದಿನ ಭಾನುವಾರ ಅವರ ಕೈಯಲ್ಲಿ ಹಗ್ಗ, ಬಕೆಟ್ಟು ಇದ್ದವು. ನಿವೃತ್ತಿಯವರೆಗೂ ಪ್ರತಿ ಬಾವಿಯ ನೀರನ್ನು ಅವರೇ ಸೇದಿದರು, ನಾನು ಬಾಟಲಿ ಹಿಡಿದೆ. ಬಂದ ಉತ್ತರ ಸಂತೋಷದ್ದಾಗಿರಲಿಲ್ಲ. ಬಸಿದ ನೀರು ಹಳ್ಳಕ್ಕೆ ಸರಿಯಾಗಿ ಹರಿದುಹೋಗುವ ಕೆಲವೇ ಕಡೆ ಉಪ್ಪು ತುಸು ಇಳಿದಿತ್ತು. ಉಳಿದ ಬಾವಿಗಳು ಇದ್ದ ಹಾಗೇ ಇದ್ದವು. ಅಷ್ಟನ್ನೇ ಬರೆದು ಒಂದು ಸಣ್ಣ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾರೂ ಅವರಿಗೆ ಶಾಲು ಹೊದಿಸಲಿಲ್ಲ.

ಅವರ ನಿವೃತ್ತಿಯ ಮೇಲೆ ವರ್ಷಕ್ಕೊಮ್ಮೆ ಆ ಬಾವಿಗಳ ನೀರನ್ನು ನಾನೇ ಅಳೆಯುತ್ತ ಬಂದೆ. ಹಲವು ವರ್ಷಗಳಾದ ಮೇಲೆ ನನ್ನ ಬಡ್ತಿಯ ಸಲುವಾಗಿ ನಾನು ಅದೇ ವಿಶ್ವವಿದ್ಯಾಲಯದ ಪುನಶ್ಚೇತನ ಶಿಬಿರಕ್ಕೆ ಹೋದೆ. ಆ ಪ್ರಾಧ್ಯಾಪಕರು ಉಪನ್ಯಾಸ ಕೊಡಲು ಬಂದಿದ್ದರು. ನಿವೃತ್ತರಾಗಿದ್ದರು, ಕೂದಲೆಲ್ಲ ಹಣ್ಣಾಗಿತ್ತು. ಮಾದರಿ ಸಂಗ್ರಹಿಸುವ ಬಗೆಯನ್ನು ಹೇಳುತ್ತ, ಗಡಿಯ ಆ ಕಡೆಯ ಒಬ್ಬ ಅಧ್ಯಾಪಕಿ ಎಂದು ಆರಂಭಿಸಿ ಅಂದಿನ ಸಭೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಆಮೇಲೆ ನಾನು ಹೋಗಿ ಅವರಿಗೆ ನನ್ನ ಗುರುತು ಹೇಳಿದೆ. ಅವರು "ನಾನು ಅಂದೇ ಸಹಿ ಹಾಕಬೇಕಾಗಿತ್ತು. ಹಾಗೆ ಹೇಳಬಲ್ಲವರನ್ನು ಬಿಟ್ಟು ಅಂಕಿ ಚೆನ್ನಾಗಿದ್ದ ಕಡೆಗೆ ಹೋದೆ" ಎಂದು ಮರಾಠಿಯಲ್ಲಿ ಹೇಳಿದರು. ತಮ್ಮ ವಿಭಾಗದ ಈಗಿನವರಿಗೆ ನನ್ನನ್ನು ಪರಿಚಯಿಸಿಕೊಟ್ಟರು. ಜಂಟಿ ಸಂಶೋಧನೆಯ ಬಿಟ್ಟುಹೋದ ಮಾತು ಮತ್ತೆ ಶುರುವಾಯಿತು.

ಆ ಸುದ್ದಿ ಹೇಳಲು ನಾನು ನಿಪ್ಪಾಣಿಗೆ ಹೋದೆ. ಮೇಡಂ ಅಲ್ಲಿ ತಮ್ಮ ಅಕ್ಕನ ಜೊತೆಗಿದ್ದರು. ಕಾಯಿಲೆಯಿಂದ ಬಹಳ ಸೊರಗಿದ್ದರು, ದಿಂಬಿಗೆ ಒರಗಿ ಕೂತಿದ್ದರು. ಪ್ರಾಧ್ಯಾಪಕರ ಮಾತನ್ನು ನಾನು ಒಂದಕ್ಷರ ಬಿಡದೆ ಹೇಳಿದೆ. ಕೇಳಿ ಅವರು ಅಳುತ್ತಾರೆ ಅಥವಾ ನಗುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಅದಿರ್ಲಿ ತಂಗಿ" ಎಂದರು. "ಈ ಸಲ ಬಾವ್ಯಾಗ ಎಷ್ಟೈತಿ?"

ಆ ವರ್ಷದ ನೀರು ಸೇದುವ ತಿಂಗಳು ಇನ್ನೂ ಬಂದಿರಲಿಲ್ಲ. ಅಳೆದ ಕೂಡಲೇ ಬಂದು ಹೇಳುತ್ತೇನೆ ಎಂದೆ. "ಫೋನಿನಾಗ ಹೇಳಿದ್ರೂ ಆದೀತು" ಎಂದರು.

ನೀರು ಸೇದುವ ತಿಂಗಳು ಬಂತು. ಅದಕ್ಕಿಂತ ಮೊದಲೇ ಅವರು ಹೋಗಿಬಿಟ್ಟಿದ್ದರು...

ಈಗ ನಮ್ಮಲ್ಲಿ ಒಳ್ಳೆಯ ಉಪಕರಣಗಳಿವೆ, ಗಡಿಯಾಚೆಯವರ ಜೊತೆ ಕೆಲಸವೂ ನಡೆದಿದೆ. ನಮ್ಮ ಹುಡುಗಿಯರು ಅಲ್ಲಿಗೆ ಹೋಗಿ ಕಲಿತು ಬರುತ್ತಾರೆ. ಪ್ರತಿ ವರ್ಷ ನಾವು ಅದೇ ಬಾವಿಗಳ ನೀರನ್ನು ಅಳೆಯುತ್ತೇವೆ. ಅಳೆದು ಮುಗಿಸಿ ಕೈ ತೊಳೆದುಕೊಳ್ಳುವಾಗ ಅಂಕಿಗಳು ತಲೆಯಲ್ಲಿ ಇನ್ನೂ ಹಸಿಯಾಗಿರುತ್ತವೆ. ಆಗ ಮನಸ್ಸು ಒಂದು ಗಳಿಗೆ ನಿಪ್ಪಾಣಿಯ ಕಡೆಗೆ ತಿರುಗುತ್ತದೆ. ಏರಿದ್ದರೆ ಏರಿದೆ, ಇಳಿದಿದ್ದರೆ ಇಳಿದಿದೆ ಎಂದು ಇದ್ದ ಹಾಗೇ ಯಾರಿಗೆ ಹೇಳಬೇಕಾಗಿತ್ತೋ ಅವರು ಅಲ್ಲಿ ಇಲ್ಲ.