ಹುಲ್ಲು ತುಂಬಿದ ಕರುಗಳು

ಹಿಂದಿನ ದಿನ ಸಂಜೆ ನಮ್ಮ ಮೂರೂ ಎಮ್ಮೆಗರುಗಳು ಹಳ್ಳದ ದಂಡೆಯ ಹುಲ್ಲುಗಾವಲಿನಿಂದ ತಾವೇ ಮನೆಗೆ ಬಂದಿದ್ದವು. ದೊಡ್ಡದು ಒಣಹಾಕಿದ್ದ ನನ್ನ ಸೀರೆಯ ಸೆರಗನ್ನು ಜಗಿಯುತ್ತ ನಿಂತಿತ್ತು. ನಾನು ಬೈದೆ. ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಗಂಡ, "ಇರ್ಲಿ ಬಿಡ, ಅದಕ್ಕೂ ಸೀರಿ ಉಡೂ ಆಸೆ ಆಗೈತಿ" ಎಂದರು. ಹೇಳಿಕೊಳ್ಳುವಂಥದ್ದು ಬೇರೇನೂ ನಡೆಯಲಿಲ್ಲ.

ಮರುದಿನ ಮಧ್ಯಾಹ್ನ ಎರಡು ಕರುಗಳು ಅದೇ ಹುಲ್ಲಿನ ಮೇಲೆ ಸತ್ತು ಬಿದ್ದಿದ್ದವು. ಬಾಯಲ್ಲಿ ನೊರೆ, ಕಾಲು ಸೆಟೆದಿದ್ದವು. ಬೆಳಿಗ್ಗೆ ಹಾಲು ಕುಡಿದು ಜಿಗಿಯುತ್ತ ಹೋದ ಕರುಗಳು.

ಬದುವಿನ ಆಚೆ ಮೆಣಸಿನಕಾಯಿ ಹೊಲ. ಅವತ್ತು ಬೆಳಿಗ್ಗೆ ಅಲ್ಲಿ ಹುಳಕ್ಕೆ ವಿಷದ ಎಣ್ಣೆ ಹೊಡೆದಿದ್ದರು. ಅದರ ವಾಸನೆ ಇನ್ನೂ ಗಾಳಿಯಲ್ಲಿತ್ತು. ಎಣ್ಣೆ ಹೊಡೆದ ಪಂಪನ್ನು ಈ ಹುಲ್ಲಿನ ಮೇಲೆ ತೊಳೆದೆಯಾ ಎಂದು ಹೊಲದವನನ್ನೇ ಹೋಗಿ ಕೇಳಿದೆ.

"ನಾ ಪಂಪ್ ಮನ್ಯಾಗ ತೊಳದೇನ್ರಿ ಅಕ್ಕಾರ. ನಿಮ್ಮ ಕರಾ ಜ್ವಾಳದ ಕುಡಿ ತಿಂದಿರಬೇಕು, ನೋಡ್ಕೋರಿ."

ಕೊಯ್ದ ಜೋಳದ ಬುಡದಲ್ಲಿ ಮತ್ತೆ ಚಿಗುರುವ ಎಳೆಯ ಕುಡಿ ದನಕ್ಕೆ ವಿಷ. ಅದು ಸುಳ್ಳಲ್ಲ. ಹುಲ್ಲುಗಾವಲಿನ ಇನ್ನೊಂದು ಪಕ್ಕದ ಜೋಳದ ಹೊಲ ನಮ್ಮದೇ. ಅವನು ಅಷ್ಟು ನಿರಾಳವಾಗಿ ಹೇಳಿದ್ದು ನನ್ನ ಮೈಯೆಲ್ಲ ಉರಿಸಿತು.

ಕಿರಾಣಿ ಅಂಗಡಿಯ ಕಾಯಿನ್ ಬಾಕ್ಸಿನಿಂದ ಬ್ಯಾಡಗಿಯ ದನದ ಡಾಕ್ಟರಿಗೆ ಫೋನ್ ಮಾಡಿದೆ. "ಬರ್ತೇನ್ರಿ. ಹೊಟ್ಟಿ ಮಾತ್ರ ಮುಟ್ಟಬ್ಯಾಡ್ರಿ, ತಪಾಸಣಿಗೆ ಒಳಗಿನ ಮೇವು ಬೇಕು" ಎಂದರು.

ನಾನು ಮನೆಗೆ ಬರುವಷ್ಟರಲ್ಲಿ ಅತ್ತೆ ಆಳು ಕರೆಸಿ ಎರಡರ ತೊಗಲನ್ನೂ ಬಿಡಿಸಿದ್ದರು. ಕರು ಸತ್ತ ಎಮ್ಮೆ ಹಾಲು ಬಿಡುವುದಿಲ್ಲ. ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರೆ ಮೂಸಿ, ನೆಕ್ಕಿ, ತೊರೆ ಬಿಟ್ಟು ಹಾಲು ಕೊಡುತ್ತದೆ. ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಾರೆ. ಉಳಿದದ್ದನ್ನೆಲ್ಲ, ಹೊಟ್ಟೆಯ ಸಮೇತ, ಹರಿಯುವ ಹಳ್ಳಕ್ಕೆ ಎಸೆದಿದ್ದರು.

"ನಾ ಬರೂತನಕ ತಡಿಯೂದು ಆಗ್ಲಿಲ್ಲೇನ್ರಿ?" ಎಂದೆ.

"ತೊಗಲ ಕೆಟ್ಟ ಹೊಕ್ಕಿತ್ತು. ಸಂಜಿಗೆ ಎಮ್ಮಿ ಮುಂದ ಏನ ನಿಂದ್ರಸ್ತಿದ್ದಿ, ನಿನ್ನ ಡಾಕ್ಟರನ್ನ?"

ಆಳು ನಕ್ಕ. ನನ್ನ ಗಂಡ ನೆಲ ನೋಡುತ್ತ ನಿಂತರು. ಆ ನಗುವಿಗಿಂತ ಈ ಸುಮ್ಮನಿರುವಿಕೆಗೇ ನನಗೆ ಹೆಚ್ಚು ಸಿಟ್ಟು ಬಂತು.

ಹೊತ್ತು ಮುಳುಗುವ ಮೊದಲು ಡಾಕ್ಟರ್ ಬಂದರು. ಕೋಲಿಗೆ ಕಟ್ಟಿ ನಿಲ್ಲಿಸಿದ್ದ ತೊಗಲುಗಳನ್ನು ಕಂಡು, "ಇದನ್ನ ನೋಡಿ ನಾ ಏನ್ ಹೇಳ್ಲಿ?" ಎಂದು ಬೈಕ್ ತಿರುಗಿಸಿದರು. ಅವರು ಹೋದ ಬೆನ್ನಿಗೇ ಅತ್ತೆ ಚರಿಗೆ ಹಿಡಿದು ಹಿಂಡಲು ಕುಳಿತರು. ಎಮ್ಮೆ ಹುಲ್ಲು ತುಂಬಿದ ಕರುವಿನ ಕಿವಿ ನೆಕ್ಕುತ್ತಿತ್ತು. ಹಾಲು ಇಳಿಯಿತು. ನನಗೆ ಆ ಎಮ್ಮೆಯ ಮೇಲೂ ಸಿಟ್ಟು ಬಂತು.

ಬದುಕುಳಿದ ಮೂರನೆಯ ಕರುವನ್ನು ನಾನು ಮತ್ತೆ ಕೊಟ್ಟಿಗೆಯಿಂದ ಬಿಡಲಿಲ್ಲ. ಮೆಣಸಿನ ಹೊಲದ ಕಡೆ ಬಿಡಬಾರದೋ, ನಮ್ಮ ಜೋಳದ ಕಡೆಯೋ, ಯಾರನ್ನು ಕೇಳಲಿ? ಅದು ಕಟ್ಟಿದಲ್ಲೇ ಬೆಳೆಯಿತು, ಕಟ್ಟಿದಲ್ಲೇ ಈಯಿತು. ಆ ಎರಡು ಕರುಗಳು ಏನು ತಿಂದು ಸತ್ತವು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.